ಬಾಲಕ್ಕೆ ಹೇಳಿದ್ದು

ಸೈಕಲ್ ರಿಪೇರಿ ಅಂಗಡಿಗೆ
ಸೈಕಲ್ಲಿಲ್ಲದೆ ಬಂದವಳು ಎದುವಿಹಿಸ್.
ತೋಳಲ್ಲೊಂದು ಕಂಬಳಿ,
ಕಂಬಳಿಯೊಳಗೆ ಹದಿಮೂರು ವರ್ಷದ ನಾಯಿ.
'ಬೆಲಿಸಾರಿಯೊ, ಇದಕ್ಕೆರಡು ಚಕ್ರ ಹಾಕಿಕೊಡು' ಅಂದಳು,
ಪಂಕ್ಚರ್ ಹಾಕಿಕೊಡು ಅನ್ನುವಷ್ಟು ಸಲೀಸಾಗಿ.

ನಾನು ನಕ್ಕೆ. ಅವಳು ನಗಲಿಲ್ಲ.
ನಾಯಿಯೂ.

ವಾಲ್ಪರೈಸೊ ಅಂದರೆ ಮೆಟ್ಟಿಲು.
ಗುಡ್ಡದ ಹೆಗಲಿಗೆ ಗುಡ್ಡ ಆತುಕೊಂಡು
ಕಡಲು ನೋಡುತ್ತ ಕೂತ ಊರು.
ಇಲ್ಲಿ ಸಪಾಟಾಗಿರುವುದು ಊಟದ ಮೇಜೊಂದೇ,
ಅದಕ್ಕೂ ಒಂದು ಕಾಲಿನಡಿ ರಟ್ಟಿನ ಚೂರು.
ಇಂಥಲ್ಲಿ ಚಕ್ರವೇ?
ಅವಳ ಮನೆಗೆ ನೂರಾ ಅರವತ್ತೆರಡು ಮೆಟ್ಟಿಲು,
ಎಣಿಸಿದ್ದು ಅವಳ ಮಂಡಿ.
ಗುಡ್ಡದ ಲಿಫ್ಟು ಮೂರು ವರ್ಷದಿಂದ ರಿಪೇರಿಯಲ್ಲಿದೆ.

'ಅದು ನನ್ನ ತಲೆನೋವು. ನೀನು ಅಳತೆ ತಗೋ.'

ಟೇಪು ಹಿಡಿದು ಮೊಣಕಾಲೂರಿದೆ.
ಭುಜದಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ,
ಬೀಡಿಪೊಟ್ಟಣದ ಮೇಲೆ ಬರೆದುಕೊಂಡೆ.
ಹೆಸರು ತೊರ್ನಿಯೊ, ಅಂದರೆ ತಿರುಪುಮೊಳೆ.
ಮರಿಯಿದ್ದಾಗ ನಿಂತಲ್ಲೇ ಗಿರ್ರನೆ ತಿರುಗುತ್ತಿತ್ತಂತೆ.

ನಾಯಿಗೆ ಹೇಳಿದರೆ
ನಾಯಿ ತನ್ನ ಬಾಲಕ್ಕೆ ಹೇಳಿತಂತೆ.
ಇದೂ ಹೇಳುತ್ತದೆ, ದಿನವಿಡೀ ಹೇಳುತ್ತದೆ.
ನಡುಬೆನ್ನಲ್ಲೆಲ್ಲೋ ತಂತಿ ಕಡಿದಿದೆ,
ಸುದ್ದಿ ಮುಟ್ಟುವುದಿಲ್ಲ.
ಡೊಂಕು ಡೊಂಕೆಂದು ಲೋಕವೆಲ್ಲ ಆಡಿಕೊಂಡ ಬಾಲ
ನೆಟ್ಟಗಾಗಿದೆ,
ಯಾರಿಗೂ ಬೇಡದ ನೆಟ್ಟಗೆ.

ಮೊದಲ ಗಾಡಿ ಭಾರವಾಯಿತು, ಮಗುಚಿತು.
ಎರಡನೆಯದು ಎತ್ತರ. ಹಿಂಗಾಲೆರಡೂ
ಹಗ್ಗದ ಮೇಲಿನ ಕಾಲುಚೀಲದ ಹಾಗೆ ತೂಗಾಡಿದವು.
ಮೂರನೆಯದಕ್ಕೆ ಆಸ್ಪತ್ರೆಯವರೆಸೆದ ಊರುಗೋಲಿನ ಕೊಳವೆ,
ಯಾವುದೋ ಕೂಸಿನ ಗಾಡಿಯ ಗಾಲಿ,
ಹೊಟ್ಟೆಯಡಿಗೆ ಅವಳದೇ ಹಳೇ ಒಳಕುಪ್ಪಸದ ಪಟ್ಟಿ.
'ಮೆತ್ತಗಿರುತ್ತೆ' ಎಂದು
ಕಣ್ಣು ತಪ್ಪಿಸದೆ ಕೊಟ್ಟಳು.
ತಪ್ಪಿಸಿದ್ದು ನಾನು.

ಹಿಂದಕ್ಕೊಂದು ಗಂಟೆ ಬಿಗಿದೆ, ಕಾರಿನವರಿಗೆ ಕೇಳಲೆಂದು.
ಸ್ಪ್ರಿಂಗು ಸಡಿಲ, ಅಲುಗಿದರೆ ಸಾಕು ಟಿಣ್ಣೆನ್ನುವ,
ಯಾರೂ ಕೊಳ್ಳದ ಗಂಟೆ.

ಕಾಯುತ್ತ ಕೂತಾಗ ಅವಳು ಕಲಿಸಿದಳು:
ಉಚ್ಚೆ ಹೊಯ್ಯಿಸಲು ಹೊಟ್ಟೆ ಎಲ್ಲಿ ಒತ್ತಬೇಕು
(ನೀರು ತುಂಬಿದ ಬಲೂನು, ಅಷ್ಟೇ ಮೆಲ್ಲಗೆ),
ರಾತ್ರಿ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು,
ಹುಣ್ಣು ಕೆಂಪಾಗುವ ಮೊದಲು ಬೆಚ್ಚಗಾಗುತ್ತದೆ ಎಂದು.
'ಪಾಪ ಅನ್ನಬೇಡ.
ಅದಕ್ಕೆ ಕಿವಿ ಚೆನ್ನಾಗಿದೆ.'

ಗಾಡಿ ಕಟ್ಟಿದ ದಿನ ಅದು ಕದಲಲೇ ಇಲ್ಲ.
ಕಾಲು ಗಂಟೆ ಬೀದಿಯ ನಡುವೆ
ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿತು.
ನಾವಿಬ್ಬರೂ ಕರೆಯುವುದನ್ನು ನಿಲ್ಲಿಸಿದೆವು.
ಆಗ ಇಳಿಜಾರೇ ಚೂರು ಹಿಂದಕ್ಕೆಳೆಯಿತು.
ಬೀಳದಿರಲೆಂದು
ಒಂದು ಹೆಜ್ಜೆ ಮುಂದಿಟ್ಟಿತು.
ಮತ್ತೆ ಎಳೆಯಿತು.
ಮತ್ತೊಂದು.

ಈಗ ಬೆಳಿಗ್ಗೆ ಅವರು ಇಳಿಯುವುದನ್ನು ನೋಡಬೇಕು.
ನಾಯಿ ಮುಂದೆ, ಹೊಟ್ಟೆಗೆ ಟವೆಲಿನ ಜೋಲಿ,
ಜೋಲಿಯೆತ್ತಿ ಹಿಡಿದು ಅವಳು ಹಿಂದೆ.
ಇಬ್ಬರದೂ ಸೇರಿ ಆರು ಕಾಲು,
ನಡೆಯುವುದು ಮೂರೂವರೆ.
ಗಾಡಿ ಹೊತ್ತು ಪಕ್ಕದ್ಮನೆ ಹುಡುಗ ನೊಲ್ಬೆರ್ತೊ,
ಶಾಲೆಗೆ ತಡವಾಗುವ ಸಂತೋಷದಲ್ಲಿ.
ಕೆಳಗೆ ಬಂದರು ಬೀದಿಯಲ್ಲಿ ಪಟ್ಟಿ ಬಿಗಿದರೆ ಮುಗಿಯಿತು:
ಮೀನಿನ ತಲೆ ಸಿಗುವವರೆಗೂ ತಿರುಪುಮೊಳೆ ನಿಲ್ಲುವುದಿಲ್ಲ,
ಕಡಲಹಕ್ಕಿಗಳಿಗೂ ದಾರಿ ಬಿಡುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಗ್ರೀಸಿಗೆ ಬರುತ್ತಾರೆ.
ಎಡಗಾಲಿ ಹೆಚ್ಚು ಸವೆಯುತ್ತದೆ.
ಅದು ಅವಳಿರುವ ಕಡೆ.

ಇವತ್ತು ನಾಯಿಯನ್ನು ನನ್ನ ಬಳಿ ಬಿಟ್ಟು
ಬ್ರೆಡ್ಡಿಗೆ ಹೋಗಿದ್ದಾಳೆ.
ಚೈನಿಗೆ ಎಣ್ಣೆ ಬಿಡುತ್ತಿದ್ದೇನೆ. ಬಾಗಿಲಿಗೆ ನೆರಳು ಬೀಳುವ ಮೊದಲೇ
ಅದರ ಕಿವಿ ನಿಮಿರಿತು, ಬಾಯಿ ತೆರೆಯಿತು,
ಬಾಲಕ್ಕೆ ಹೇಳಬೇಕಾದ್ದೆಲ್ಲ
ಭುಜದ ಹತ್ತಿರವೇ ನಿಂತು, ಹೋಗಲು ದಾರಿಯಿಲ್ಲದೆ
ಭುಜವನ್ನು ಅಲುಗಿಸಿತು,
ಭುಜ ಪಟ್ಟಿಯನ್ನು, ಪಟ್ಟಿ ಕೊಳವೆಯನ್ನು.

ಟಿಣ್ ಟಿಣ್ ಟಿಣ್ ಟಿಣ್.

'ಬಂದೆ ಬಂದೆ' ಅಂದಳು ಹೊರಗಿನಿಂದ.