ಬಾ ಅಂದರೆ

ಫಾರಂ ಎರಡು ಪುಟ.
ಹೆಸರು: ಹುರುಳಿ. ವಯಸ್ಸು: ಏಳು ತಿಂಗಳು.
ಲಸಿಕೆ ಹಾಕಿಸಿದ ತಾರೀಖು, ಊಟದ ಹೊತ್ತು,
ಯಾವುದಕ್ಕಾದರೂ ಹೆದರಿಕೆ ಉಂಟೋ: ಗುಡುಗು, ಗಂಡಸರು, ಪೊರಕೆ?
ಪೊರಕೆ ಎಂಬಲ್ಲಿ ಗೀಟು ಹಾಕಿದೆ.
ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೊಂದು ಪ್ರಶ್ನೆ: ಯಾವ ಮಾತಿಗೆ ಓಗೊಡುತ್ತದೆ?
ಬಾ. ಕೂತ್ಕೋ. ಬೇಡ. ಸಾಕು.
ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ
ನಮ್ಮ ಮನೆಯ ಮಾತೆಲ್ಲ
ನಾಲ್ಕು ಬೆರಳಗಲದಲ್ಲಿ ಮುಗಿದುಹೋಯಿತು.

ಗ್ಲೆನಿಸ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಓದಿದಳು.
“ಬಾ? ಬಾ ಅನ್ನೋದು ಕುರಿ ಕಣಮ್ಮಾ.”
ನಕ್ಕಳು. ನಾನೂ ನಕ್ಕೆ.
ವಾಮನ ಜೇಬಿನೊಳಗೆ ಕಾರಿನ ಕೀಲಿ ಕುಲುಕುತ್ತಿದ್ದ.
ಹುರುಳಿ ಅವಳ ಬೂಟಿನಲ್ಲಿ
ಕೋಲಾಕಿನ ಅಷ್ಟೂ ನಾಯಿಗಳ ಸಮಾಚಾರ
ಮೂಸಿ ಮೂಸಿ ಓದಿಕೊಳ್ಳುತ್ತಿದ್ದ.

ಯಾರೂ ಸತ್ತಿರಲಿಲ್ಲ, ಯಾರ ಮದುವೆಯೂ ಇರಲಿಲ್ಲ.
ಒಂಬತ್ತು ವರ್ಷದಿಂದ ಹೋಗೋಣ ಹೋಗೋಣ ಎಂದು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದ
ನ್ಯೂಜಿಲೆಂಡಿನ ಒಂದು ಸರೋವರ. ಅಷ್ಟೇ.
ನೆಪ ಬೇಕಿದ್ದುದು ನನಗೆ.

“ಬರ್ತೀವಿ” ಎಂದೆ.
ನಾವು ಹೊರಡುವಾಗ ಹೋಗುತ್ತೇವೆ ಅನ್ನುವ ಜನವಲ್ಲ,
ಬರ್ತೀವಿ ಎಂದೇ ಹೋಗುವುದು.
ಅವನಿಗೆ ಮೊದಲಕ್ಷರವಷ್ಟೇ ಕೇಳಿಸಿತೇನೋ,
ಬಾಲ ಅಲ್ಲಾಡಿಸುತ್ತ ಎದ್ದು ಬಂದ.
ತಂತಿಯ ಬಾಗಿಲು ನಡುವೆ ಬಂತು.

ತೊಳೆಯದ ನನ್ನ ಹಳೆ ನೈಟಿಯೊಂದನ್ನು ಬಿಟ್ಟುಬಂದಿದ್ದೆ.
ಎಲ್ಲರೂ ಹಾಗೇ ಮಾಡುತ್ತಾರಂತೆ:
ಪಕ್ಕದ ಗೂಡಿನ ಲ್ಯಾಬ್ರಡಾರಿಗೆ ಒಂಟಿ ಕಾಲುಚೀಲ,
ಮೂಲೆಯ ಪುಟ್ಟ ಬಿಳಿ ಮರಿಗೆ ದಿಂಬಿನ ಗವುಸು,
ಯಾರದೋ ತಲೆಯೆಣ್ಣೆಯ ಕಲೆಯ ಸಮೇತ.

ಸರೋವರ ಚಿತ್ರದಲ್ಲಿದ್ದ ಹಾಗೆಯೇ ಇತ್ತು.
ದಿನಾ ಸಂಜೆ ಆರಕ್ಕೆ ಗ್ಲೆನಿಸಳಿಂದ ಒಂದು ಫೋಟೊ.
ಹುರುಳಿ, ಬೇಲಿ.
ಹುರುಳಿ, ಬೇಲಿ.
ಐದನೆಯ ದಿನ ಬೇಲಿ, ಹುರುಳಿಯ ಬೆನ್ನು.
“ಖುಷಿಯಾಗಿದ್ದಾನೆ ನೋಡು,” ವಾಮನ ಅಂದ,
“ಕಿವಿ ಹೆಂಗೆ ನಿಗುರಿದೆ!”
ರಾತ್ರಿ ಹೋಟೆಲಿನ ಮಂಚದಿಂದ ಕಾಲಿಳಿಸುವಾಗ
ತುಳಿದೇನೆಂದು ತಡೆದೆ.
ಕೆಳಗೆ ನೆಲ, ಬರೀ ನೆಲ.

ವಾಪಸು ಹೋದಾಗ ಅವಳು ಬಿಲ್ಲು ಹರಿದುಕೊಡುತ್ತ ಹೇಳಿದಳು:
“ಒಳ್ಳೇ ಹುಡುಗ. ತಿಂದ, ಮಲಗಿದ, ಜಗಳವಿಲ್ಲ.
ಆ ಬೇಲಿಯೊಂದು ಬಿಟ್ಟರೆ!
ಆಚೆಗೆ ಪಕ್ಕದವನ ಕುರಿಗಳು, ನಾನೂರು.
ಒಂದು ಕೂಗಿದರೆ ಸಾಕು, ತಟ್ಟೆ ಬಿಟ್ಟು ಓಟ.
ಕೆಲ್ಪಿ ರಕ್ತ ನೋಡು, ಕುರಿ ಕಾಯೋ ರಕ್ತ,
ಅದನ್ನು ಯಾರೂ ಕಲಿಸಬೇಕಾಗಿಲ್ಲ.”

ಹೌದು ಎಂದೆ. ಸಹಿ ಹಾಕಿದೆ.
ಒಣಹುಲ್ಲಿನ ನಡುವಿನಿಂದ
ಒಂದು ಕುರಿ ತಲೆಯೆತ್ತಿ ಕೂಗಿತು,
ಬಾ.
ಇನ್ನೊಂದು, ದಿಬ್ಬದಾಚೆಯಿಂದ,
ಬಾ.
ನಾನೂರು ಬಾಯಿ, ಹನ್ನೊಂದು ದಿನ,
ನಮ್ಮ ಅಡುಗೆಮನೆಯ ಮಾತಿನಲ್ಲಿ.
ಕರೆದಾಗಲೆಲ್ಲ ಅವನು ಹೋಗಿದ್ದಾನೆ,
ತಂತಿ ಮೂಗಿಗೆ ತಾಗುವ ತನಕ.
ಹುಲ್ಲು ಸವೆದು ಅಲ್ಲೊಂದು ಕಾಲುದಾರಿಯೇ ಆಗಿತ್ತು.

ಕಾರಿನಲ್ಲಿ ನನ್ನ ಮೊಣಕೈ ನೆಕ್ಕಿದ. ನಿದ್ದೆ ಹೋದ.
ಇದನ್ನು ನಾನು ವಾಮನನಿಗೆ ಹೇಳಿಲ್ಲ.

ಈಗ ಕರೆದರೆ ಥಟ್ಟನೆ ಬರುವುದಿಲ್ಲ,
ತಲೆ ಓರೆ ಮಾಡುತ್ತಾನೆ, ಯಾರ ದನಿಯೆಂದು ತೂಗುತ್ತಾನೆ,
ಆಮೇಲೆ ಬರುತ್ತಾನೆ.
ದೊಡ್ಡವನಾದ, ಅನ್ನುತ್ತಾನೆ ವಾಮನ.

ಇನ್ನೊಂದು.
ಪೊರಕೆ ಕಂಡರೆ ಮಂಚದಡಿಗೆ ನುಗ್ಗುವುದು ನಿಂತಿದೆ.
ನಾನು ಗುಡಿಸುವಾಗ ಹತ್ತಿರವೇ ಬಂದು ಕೂರುತ್ತಾನೆ,
ಕಡ್ಡಿಗಳ ಹಿಂದೆ ಹಿಂದೆ ಅವನ ಕಣ್ಣು.
ಅಲ್ಲಿ ಯಾರೋ ಹನ್ನೊಂದು ದಿನ
ಅದರಿಂದ ನೆಲವನ್ನಷ್ಟೇ ಗುಡಿಸಿರಬೇಕು.