ಸೊಂಟದ ಅಳತೆ

ಶಾಲೆ ಮತ್ತೆ ತೆರೆದ ವಾರ
ಭದ್ರಾವತಿ ಹೊಸಮನೆಯ ನನ್ನ ಮಹಡಿ ಅಂಗಡಿಗೆ
ಬಂದವರೆಲ್ಲ ಹೊಲಿಗೆ ಬಿಚ್ಚಿಸಲು ಬಂದವರೇ.

ಉದ್ದಕ್ಕೆಂದು ಎರಡಿಂಚು ಮಡಿಚಿ ಬಿಟ್ಟಿರುತ್ತೇನೆ,
ಅಪ್ಪ ಕಲಿಸಿದ್ದು.
ಮಕ್ಕಳು ಮೇಲಕ್ಕೆ ಬೆಳೀತವೆ ಕಣೋ, ಅನ್ನುತ್ತಿದ್ದ.
ಪಕ್ಕಕ್ಕೂ ಬಿಡಬೇಕೆಂದು
ಯಾರೂ ಹೇಳಿರಲಿಲ್ಲ.

ಸೆಲ್ವಿಯಮ್ಮನ ಮಗ ಕದಿರೇಶ,
ಖೋಖೋ ಕಂಬಕ್ಕೆ ಒಂದು ಕೈ ಕೊಟ್ಟು
ಗರ್ರನೆ ತಿರುಗುತ್ತಿದ್ದವನು,
ಹದಿಮೂರು ಮೆಟ್ಟಿಲು ಹತ್ತಿ
ಸ್ಟೂಲಿನ ಮೇಲೆ ಕುಸಿದ. ನೀರು ಕೇಳಿದ.
ಟೇಪು ಸುತ್ತುವಾಗ ಹೊಟ್ಟೆ ಒಳಗೆಳೆದುಕೊಂಡ.
"ಉಸಿರು ಬಿಡೋ" ಅಂದೆ.
ಬಿಟ್ಟ.
ಇಪ್ಪತ್ತನಾಲ್ಕು ಇದ್ದದ್ದು ಮೂವತ್ತೊಂದು.

"ಪಾಠನೂ ಮೊಬೈಲಲ್ಲೇ, ಆಟನೂ ಮೊಬೈಲಲ್ಲೇ,
ಪಕ್ಕದಲ್ಲಿ ಚಕ್ಕುಲಿ ಡಬ್ಬಿ" ಅಂದಳು ತಾಯಿ.
ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.
ಚೀಟಿಯಲ್ಲಿ ಇಪ್ಪತ್ತೊಂಬತ್ತು ಅಂತ ಬರೆದು
ಮೂವತ್ತೊಂದಕ್ಕೇ ಕತ್ತರಿಸಿದೆ.

ರಾತ್ರಿ, ಬಂದ ಪ್ಯಾಂಟುಗಳ
ಮೊಣಕಾಲು ತಿರುಗಿಸಿ ನೋಡಿದೆ:
ನನ್ನವೇ ಹಳೆ ತೇಪೆಗಳು,
ಹೊಸದೊಂದು ಗೀರಿಲ್ಲ.
ಒಂದು ಕಾಲದಲ್ಲಿ ಆ ಮೊಣಕಾಲುಗಳೇ
ನನ್ನ ಕರೆಂಟ್ ಬಿಲ್ಲು ಕಟ್ಟುತ್ತಿದ್ದವು.

ಬೆಳಿಗ್ಗೆ ಬೋರ್ಡಿನ ಕೆಳಗೆ
ಬಟ್ಟೆ ಗುರುತಿಸುವ ಸುಣ್ಣದಲ್ಲೇ ಬರೆದೆ:
ಮೊದಲು ಹರಿದುಕೊಂಡು ಬಂದವರಿಗೆ
ತೇಪೆ ಪುಕ್ಕಟೆ.