ಇನ್ನೆರಡು ಮೊಟ್ಟೆ

ಹೋದ ಮಳೆಗಾಲ ವಹಾಕಾ ಕಣಿವೆಯಲ್ಲಿ,
ಯೂಫ್ರೋಸಿನಾಳ ಹಿತ್ತಲಲ್ಲಿ,
ಕುಂಬಳದ ಹೀಚೆಲ್ಲ ಹಳದಿಗಟ್ಟಿ ಉದುರಿದ್ದವು.
ಟರ್ಕಿಕೋಳಿಯ ಪುಕ್ಕ ಹಿಡಿದು
ಗಂಡುಹೂವಿಂದ ಹೆಣ್ಣುಹೂವಿಗೆ
ಮದುವೆ ದಲ್ಲಾಳಿಯ ಹಾಗೆ ಅಲೆದಳು, ಮಂಡಿ ನೋಯುವಷ್ಟು.
ನಿಂತದ್ದು ಮೂರೇ ಕಾಯಿ.

ಈ ಸಲ ಸುಮ್ಮನಿದ್ದಾಳೆ.
ಸುಮ್ಮನಿರುವುದಕ್ಕೆ ಎಷ್ಟೊಂದು ಕೆಲಸ!
ಕೊತ್ತಂಬರಿ ಕೀಳದೆ ಹೂವಿಗೆ ಬಿಡಬೇಕು.
ಮುಲ್ಲಂಗಿ ಎದೆಯೆತ್ತರ ಬೆಳೆದು ಒರಟಾದರೂ
ಮಗಳ ಕೈಗೆ ಸಿಗದಂತೆ ಕುಡುಗೋಲು ಬಚ್ಚಿಡಬೇಕು.
"ಅಮ್ಮ, ಇದೇನು ತೋಟವೋ, ಬಾಚದ ತಲೆಯೋ?"
ಒಲೆ ಮುಂದೆ ಹೂವಿನ ಲೆಕ್ಕ ಬೇರೆ:
ಐದು ಟೋರ್ಟಿಯಾದೊಳಗೆ, ಉಳಿದದ್ದು ಬಳ್ಳಿಗೆ.

ಕಳ್ಳಿಬೇಲಿಯಾಚೆ ಸೆವೆರಿಯಾನೋ
ಔಷಧಿಯ ಡಬ್ಬ ಬೆನ್ನಿಗೇರಿಸಿದ ದಿನ
ಎರಡು ಮೊಟ್ಟೆ ಕೈಗಿಟ್ಟು ಒಪ್ಪಿಸಿದ್ದಳು:
"ಹೊಡೆಯುವುದಾದರೆ ಸಂಜೆ ಹೊಡಿ,
ಹೂ ಮುಚ್ಚಿದ ಮೇಲೆ. ಆಗ ಯಾರೂ ಇರುವುದಿಲ್ಲ."

ಇವತ್ತು ಇಳಿಹೊತ್ತು
ಮುರುಟಿದ ಹೂವೊಂದನ್ನು ಕಸವೆಂದು ಕಿತ್ತಳು.
ಅಂಗೈಯಲ್ಲಿ ಗುಂಯ್ ಅಂದಿತು.
ಬಿಡಿಸಿದರೆ ಒಳಗೆ,
ಮೈತುಂಬ ಹಳದಿ ಪುಡಿ ಮೆತ್ತಿಕೊಂಡು
ಮಲಗಿದ್ದ ದುಂಬಿ.
ಕಾಲೊಂದನ್ನು ಅಲ್ಲಾಡಿಸಿ ಮತ್ತೆ ಮುದುರಿತು,
ಇನ್ನೂ ಬೆಳಗಾಗಿಲ್ಲವಲ್ಲ ಎಂಬಂತೆ.

ಪಕ್ಕದ ಹೂವನ್ನು ಕಿವಿಗೆ ಹಿಡಿದಳು.
ಅಲ್ಲೂ ಒಬ್ಬ.
ಅದರಾಚೆಯದರಲ್ಲಿ ಇಬ್ಬರು.

ದಳಗಳನ್ನು ಹಳೆಯ ಮಡಿಕೆಗೇ ಮಡಚಿ
ಬಳ್ಳಿಯ ಸಂದಿಗೆ ಸಿಕ್ಕಿಸಿದಳು.
ಬೇಲಿಯಾಚೆ ಪಂಪಿನ ಹಿಡಿ
ಕಿರ್ ಎಂದು ಒಮ್ಮೆ ಎದ್ದು ಇಳಿಯಿತು.

"ತಾಳೋ, ಸೆವೆರಿಯಾನೋ!"
ಕೂಗುತ್ತಲೇ ಗೂಡಿಗೆ ಕೈ ಹಾಕಿದಳು.
ಕಾವಿಗೆ ಕೂತಿದ್ದ ಕೋಳಿ
ಕುಕ್ಕಿತು.